ಕೆಸರೂರಿನ ಹೆಣವೂ ಆಕಾಶದ ಹೋಟೆಲೂ

ಕನ್ನಡದಲ್ಲಿ ವಿಜ್ಞಾನ ಕಥೆ ಬೇರು ಬಿಡಲಿಲ್ಲ, ಪತ್ತೇದಾರಿ ಕಾದಂಬರಿ ಬಸ್‌ಸ್ಟ್ಯಾಂಡಿನ ಅಂಗಡಿ ದಾಟಿ ಬರಲಿಲ್ಲ, ಎರಡೂ ಕೂಡಿದ್ದಂತೂ ಹುಟ್ಟಲೇ ಇಲ್ಲ. ಸಾಹಿತ್ಯದ ಗೋಷ್ಠಿಗಳಲ್ಲಿ ಈ ತೀರ್ಪು ಎಷ್ಟು ಸಲ ಕಿವಿಗೆ ಬಿದ್ದಿದೆಯೆಂದರೆ, ಈಗ ಹೇಳುವವರು ಗಂಟಲು ಸರಿಮಾಡಿಕೊಳ್ಳುವಾಗಲೇ ನನಗೆ ರೇಗುತ್ತದೆ. ಕಾರಣ ಕೇಳಿದರೆ ‘ಅದು ನಮ್ಮ ಮಣ್ಣಿನದ್ದಲ್ಲ’ ಎನ್ನುತ್ತಾರೆ. ಭೂಮಿಯನ್ನು ಸುತ್ತುವ ಒಂದು ಹಳೇ ಹೋಟೆಲು, ಸೋರುವ ಪೈಪು, ಇಲ್ಲದ ಗಿರಾಕಿ, ಸಾಲ ತಲೆಮೇಲೆ ಹೊತ್ತ ಧಣಿ, ಏಳನೇ ಕೋಣೆಯಲ್ಲಿ ಒಂದು ಹೆಣ: ಇಂಥದ್ದನ್ನು ಬಂಟ್ವಾಳದ ಹುಡುಗನೊಬ್ಬ ಕನ್ನಡದಲ್ಲಿ ಬರೆಯುತ್ತೇನೆಂದರೆ ನಗುತ್ತಾರೆ. ನಗುವವರ ಮೇಲಿನ ಸಿಟ್ಟಿಗೇ ಇದನ್ನು ಬರೆಯುತ್ತಿದ್ದೇನೆ.

ಈ ತೀರ್ಪು ನಮ್ಮಲ್ಲಿ ಮಾತ್ರ ಇರುವುದೂ ಅಲ್ಲ. ವಿಜ್ಞಾನ ಕಥೆಗೂ ಪತ್ತೇದಾರಿಗೂ ಕೂಡಿಬರುವುದಿಲ್ಲ ಎಂದು ಅಮೆರಿಕದ ಸಂಪಾದಕ ಜಾನ್ ಕ್ಯಾಂಪ್‌ಬೆಲ್ ವಾದಿಸುತ್ತಿದ್ದ. ಕೊನೆಯ ಪುಟದಲ್ಲಿ ಪತ್ತೇದಾರ ಯಾರೂ ಕಂಡಿರದ ಯಂತ್ರವೊಂದನ್ನು ಜೇಬಿನಿಂದ ತೆಗೆದು ಕೊಲೆಗಾರನನ್ನು ಹಿಡಿದರೆ ಓದುಗನಿಗೆ ಮೋಸವಲ್ಲವೆ? ಅದಕ್ಕೂ ಮುಂಚೆ, 1929ರಲ್ಲಿ, ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆಗೆ ಹಾಕಿದ ಹತ್ತು ಕಟ್ಟಳೆಗಳಲ್ಲೂ ಹೊಸ ವಿಷ, ಉದ್ದುದ್ದ ವಿವರಣೆ ಬೇಡುವ ಉಪಕರಣ ಇವೆಲ್ಲಕ್ಕೆ ಬಹಿಷ್ಕಾರವಿತ್ತು. ಐಸಾಕ್ ಅಸಿಮೊವ್ 1954ರಲ್ಲಿ ಪುಸ್ತಕವಾದ ‘ದಿ ಕೇವ್ಸ್ ಆಫ್ ಸ್ಟೀಲ್’ ಬರೆದು ಕ್ಯಾಂಪ್‌ಬೆಲ್‌ಗೆ ಉತ್ತರ ಕೊಟ್ಟ: ಆ ಲೋಕದ ನಿಯಮಗಳನ್ನು ಮೊದಲೇ ಹೇಳಿಬಿಡು, ಆಮೇಲೆ ನೀನೂ ಅವನ್ನು ಮುರಿಯಬೇಡ. ಉತ್ತರ ಸರಿಯೇ. ಆದರೂ ಅದು ಲೆಕ್ಕದ ಮೇಷ್ಟ್ರ ಉತ್ತರ. ಲೆಕ್ಕ ಬಿಡಿಸಿದ ಮೇಲೆ ಹೆಣದ ಬಗ್ಗೆ ಯಾರಿಗೂ ಮರುಕವಿರುವುದಿಲ್ಲ.

ಮಣ್ಣಿನ ಮಾತೆತ್ತಿದ್ದಾರಲ್ಲ, ಹಾಗಾದರೆ ಮಣ್ಣಿನ ಬಳಿಗೇ ಹೋಗೋಣ. ಕಾರ್ಕಳದ ಗೊಮ್ಮಟ ಎದ್ದು ನಿಂತದ್ದು 1432ರಲ್ಲಿ. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಅಜಿಲ ಅರಸು 35 ಅಡಿಯ ಗೊಮ್ಮಟನನ್ನು ನಿಲ್ಲಿಸಿದ್ದು 1604ರಲ್ಲಿ. ಎರಡನ್ನೂ ಕಡೆದವನು ಒಬ್ಬನೇ ಎನ್ನುತ್ತದೆ ತುಳುವರ ಹಾಡುಗಥೆ, ಕಲ್ಕುಡನ ಪಾಡ್ದನ. ಕಾರ್ಕಳದ ಕೆಲಸ ಮುಗಿದಾಗ ಭೈರರಸ ಶಿಲ್ಪಿಯ ಎಡಗೈಯನ್ನೂ ಬಲಗಾಲನ್ನೂ ಕಡಿಸುತ್ತಾನೆ. ಇನ್ನೊಬ್ಬ ಅರಸನಿಗೆ ಇವನು ಇಂಥದ್ದನ್ನು ಮಾಡಿಕೊಡಬಾರದು, ಅಷ್ಟೆ. ಉಳಿದ ಒಂದು ಕೈ, ಒಂದು ಕಾಲಿನಲ್ಲೇ ಕಲ್ಕುಡ ವೇಣೂರಿಗೆ ಹೋಗಿ ಇನ್ನೊಂದು ಗೊಮ್ಮಟನನ್ನು ಕಡೆಯುತ್ತಾನೆ. ಅಣ್ಣನಿಗಾದ ಅನ್ಯಾಯ ತಂಗಿ ಕಲ್ಲುರ್ಟಿಗೆ ತಿಳಿಯುತ್ತದೆ. ಇಬ್ಬರೂ ಮಾಯವಾಗಿ ದೈವಗಳಾಗಿ ಅರಸನ ನೆಮ್ಮದಿ ಕೆಡಿಸುತ್ತಾರೆ. ಬಂಟ್ವಾಳ ತಾಲೂಕಿನ ಪಣೋಲಿಬೈಲಿನಲ್ಲಿ ಈಗಲೂ ಜನ ಕಲ್ಲುರ್ಟಿಗೆ ಅಗೆಲು ಹರಕೆ ಹೇಳಿಕೊಳ್ಳುತ್ತಾರೆ, ಕಳವಾದ ಬಂಗಾರದಿಂದ ಹಿಡಿದು ಕೋರ್ಟಿನ ವ್ಯಾಜ್ಯದವರೆಗೆ ಎಲ್ಲವನ್ನೂ ಅವಳ ಮುಂದಿಡುತ್ತಾರೆ.

ಇದನ್ನು ಜಾನಪದದ ಕಪಾಟಿನಲ್ಲಿಟ್ಟು ಬೀಗ ಹಾಕಿದವರು ಒಂದು ಸಲ ಬೇರೆ ಕಣ್ಣಿನಿಂದ ನೋಡಲಿ. ಇಲ್ಲಿ ತಂತ್ರಜ್ಞನಿದ್ದಾನೆ, ತಂತ್ರ ಹೊರಗೆ ಹೋಗದಂತೆ ತಡೆಯುವ ಮಾಲಕನಿದ್ದಾನೆ, ಅಪರಾಧವಿದೆ, ಸಾಕ್ಷಿಯಾಗಿ 35 ಅಡಿಯ ಕಲ್ಲಿದೆ. 172 ವರ್ಷಗಳ ಅಂತರವನ್ನು ಒಬ್ಬ ಮನುಷ್ಯನ ಆಯುಷ್ಯಕ್ಕೆ ಮಡಚಿಡುವ ಕಾಲದ ಆಟವೂ ಇದೆ. ಯಾರು ಮಾಡಿದರು ಎಂಬುದು ಮೊದಲೇ ಗೊತ್ತು; ನ್ಯಾಯ ಯಾರು ಕೊಡಿಸುತ್ತಾರೆ ಎಂಬುದೊಂದೇ ಗೊತ್ತಿಲ್ಲ. ವಿಶ್ವದ ಅಳತೆ ನಮ್ಮ ಕಲ್ಪನೆಗೆ ಎಟುಕದು ಎನ್ನುವವರು ಮೂಡುಬಿದಿರೆಗೂ ಬರಲಿ. ಅಲ್ಲಿನ ಓಲೆಗರಿಗಳಲ್ಲಿ ಧವಲ, ಜಯಧವಲ ಎಂಬ ಜೈನ ಗ್ರಂಥಗಳು ಉಳಿದವು. ಎಣಿಕೆಗೆ ನಿಲುಕದ ಕಾಲಮಾನ, ಲೋಕಗಳ ಉದ್ದಗಲ, ಜೀವರಾಶಿಗಳ ಲೆಕ್ಕ ಇವೆಲ್ಲ ಜೈನ ಶಾಸ್ತ್ರಕ್ಕೆ ದಿನನಿತ್ಯದ ಮಾತು. ಇಂಥ ಊರಿನ ಮಣ್ಣಿನಲ್ಲಿ ಆಕಾಶಕ್ಕೆ ಜಾಗವಿಲ್ಲವೆ?

ಮುದ್ರಣದ ಕಾಲಕ್ಕೆ ಬಂದರೂ ಕಥೆ ಬೇರೆಯಲ್ಲ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ‘ಇಂದಿರಾಬಾಯಿ’ಯನ್ನು 1899ರಲ್ಲಿ ಬರೆದ ಗುಲ್ವಾಡಿ ವೆಂಕಟರಾಯರು ಪೊಲೀಸ್ ಅಧಿಕಾರಿ. ವಿಮರ್ಶಕರು ಕಾದಂಬರಿಯಲ್ಲಿ ಸುಧಾರಣೆಯನ್ನು ಕಂಡರು, ಪೊಲೀಸನ ಕಣ್ಣನ್ನು ಕಾಣಲಿಲ್ಲ. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಸಣ್ಣಕಥೆಯ ಹೊಸಿಲಲ್ಲೇ ‘ಕಮಲಪುರದ ಹೊಟ್ಲಿನಲ್ಲಿ’ ಬರೆದರು. ಹೋಟೆಲಿನ ಬಾಗಿಲಲ್ಲೇ ಶುರುವಾದ ಪರಂಪರೆಗೆ ಹೋಟೆಲು ಪರಕೀಯವೆಂದು ಪಾಠ ಹೇಳುವುದು ವಿಚಿತ್ರ.

ಜನಪ್ರಿಯರ ಬಗ್ಗೆ ಎರಡು ಮಾತು ಸಾಕು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಪತ್ತೇದಾರ ಪುರುಷೋತ್ತಮನ ಹಿಂದೆ ಓಡಿ ಓದಲು ಕಲಿತವರು ಕರ್ನಾಟಕದ ತುಂಬ ಇದ್ದಾರೆ. ವಿಶ್ವವಿದ್ಯಾಲಯಗಳು ನರಸಿಂಹಯ್ಯನವರಿಗೆ ಕೊಟ್ಟಿರುವ ಜಾಗ ಅಡಿಟಿಪ್ಪಣಿಯದು. ಟಿ.ಕೆ. ರಾಮರಾಯರು ಅವರಿಗಿಂತ ಅಚ್ಚುಕಟ್ಟು, ಆದರೆ ಆ ಹುಂಬ ವೇಗ ಅವರಲ್ಲಿಲ್ಲ. ರಾಜಶೇಖರ ಭೂಸನೂರಮಠರು ಕನ್ನಡಕ್ಕೆ ವಿಜ್ಞಾನ ಕಥೆಯನ್ನು ಹಟ ಹಿಡಿದು ತಂದವರು. ಅವರನ್ನು ಗೌರವಿಸುತ್ತೇನೆ, ಪ್ರೀತಿಸಲಾರೆ. ಅವರಲ್ಲಿ ಯಂತ್ರ ಕೆಡುವುದಿಲ್ಲ. ಕೆಡದ ಯಂತ್ರದ ಬಗ್ಗೆ ನನಗೆ ಕುತೂಹಲವೂ ಇಲ್ಲ.

ಕೆಡುವ ಯಂತ್ರದ ಸಾಹಿತಿ ನಮ್ಮಲ್ಲಿ ಒಬ್ಬರೇ, ಪೂರ್ಣಚಂದ್ರ ತೇಜಸ್ವಿ. ಉಜಿರೆಯಿಂದ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ ದಾಟಿದರೆ ಅವರ ಮೂಡಿಗೆರೆ. 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ನವ್ಯ ಸಾಹಿತ್ಯಕ್ಕೆ ಬೆನ್ನು ತಿರುಗಿಸಿದರು. 1980ರ ‘ಕರ್ವಾಲೊ’ದಲ್ಲಿ ಹಾರುವ ಓತಿಯೊಂದರ ಹಿಂದೆ ವಿಜ್ಞಾನಿ, ಜೇನು ಹಿಡಿಯುವ ಮಂದಣ್ಣ, ಬಿರಿಯಾನಿ ಕರಿಯಪ್ಪ, ಒಂದು ನಾಯಿ ಎಲ್ಲರನ್ನೂ ಕಾಡಿಗೆ ಹೊರಡಿಸಿದರು. ಪತ್ತೇದಾರಿಯ ಎಲ್ಲ ಲಕ್ಷಣ ಅದರಲ್ಲಿವೆ: ಸುಳಿವು, ಸಂಶಯ, ಬೆನ್ನಟ್ಟುವಿಕೆ, ಕೊನೆಗೆ ಕೈಗೆ ಸಿಗದ ಆಸಾಮಿ. ಕೋಟ್ಯಂತರ ವರ್ಷದ ಹಿಂದಿನ ಜೀವವೊಂದು ಕಣ್ಣೆದುರೇ ಪ್ರಪಾತಕ್ಕೆ ತೇಲಿಹೋಗುವಾಗ ಓದುಗನಿಗೆ ಆಗುವ ರೋಮಾಂಚನ ಯಾವ ಅಂತರಿಕ್ಷ ಕಥೆಗೆ ಕಡಿಮೆ?

ಆದರೂ ನನ್ನ ಸಾಕ್ಷಿ ‘ಕರ್ವಾಲೊ’ ಅಲ್ಲ, 1985ರ ‘ಚಿದಂಬರ ರಹಸ್ಯ’. ಕೆಸರೂರಿನಲ್ಲಿ ಏಲಕ್ಕಿ ಬೆಳೆ ನಾಶವಾಗುತ್ತಿದೆ. ಯಾಕೆಂದು ಪತ್ತೆ ಮಾಡಲು ಗುಪ್ತಚರ ಇಲಾಖೆಯ ಅಧಿಕಾರಿ ಅಂಗಡಿ ಬರುತ್ತಾರೆ. ಏಲಕ್ಕಿ ವಿಜ್ಞಾನಿ ಜೋಗಿಹಾಳರು ಸತ್ತಿದ್ದಾರೆ, ಆ ಸಾವು ಸಹಜದ್ದಲ್ಲ ಎಂಬ ಗುಮಾನಿ ಊರಿನ ಗಾಳಿಯಲ್ಲಿದೆ. ಸತ್ತ ವಿಜ್ಞಾನಿ, ಕೆಡುತ್ತಿರುವ ವ್ಯವಸ್ಥೆ, ಹೊರಗಿನಿಂದ ಬಂದ ಪತ್ತೇದಾರ, ಒಳಗೆ ಎಲ್ಲರಿಗೂ ಒಂದೊಂದು ಗುಟ್ಟು. ಸೋರುವ ಪೈಪಿನ ಆಕಾಶದ ಹೋಟೆಲು ಇದಲ್ಲದೆ ಇನ್ನೇನು? ಕೆಸರೂರು ಭೂಮಿಯ ಮೇಲಿದೆ ಎಂಬುದಷ್ಟೇ ವ್ಯತ್ಯಾಸ. ಅದೂ ದೊಡ್ಡ ವ್ಯತ್ಯಾಸವಲ್ಲ. ಊರನ್ನು ಸುತ್ತಿಕೊಂಡ ಲಂಟಾನ ಅದನ್ನು ಹೊರಜಗತ್ತಿನಿಂದ ಕತ್ತರಿಸಿಟ್ಟಿದೆ.

ಅಂಗಡಿ ಸುಳಿವು ಹಿಡಿದು ಹೊರಟಾಗ ಪ್ರತಿ ಸುಳಿವೂ ಇನ್ನೊಂದು ಜಗಳದೊಳಗೆ ಹೊಕ್ಕು ಮಾಯವಾಗುತ್ತದೆ. ಏಲಕ್ಕಿಯ ರೋಗ ಕಾಡಿನ ನಾಶಕ್ಕೆ, ಕಾಡಿನ ನಾಶ ಮರದ ವ್ಯಾಪಾರಕ್ಕೆ, ಮರದ ವ್ಯಾಪಾರ ಜಾತಿ ಧರ್ಮದ ಸಿಟ್ಟಿಗೆ ಕೊಂಡಿ ಹಾಕಿಕೊಂಡಿದೆ. ಕರಾವಳಿಯವರಿಗೆ ಅಲ್ಲಿನ ಸುಲೇಮಾನ್ ಬ್ಯಾರಿ ಅಪರಿಚಿತನಲ್ಲ. ಘಾಟಿಯ ಮೇಲೆ ಮರದ ವ್ಯಾಪಾರಕ್ಕೆ ಹೋದ ಬ್ಯಾರಿಗಳ ಮನೆಗಳು ಇವತ್ತಿಗೂ ನಮ್ಮ ಊರುಗಳಲ್ಲಿವೆ. ರಫಿ ಮತ್ತು ಜಯಂತಿಯ ಪ್ರೀತಿಯನ್ನು ಊರು ಸಹಿಸುವುದಿಲ್ಲ. ಕೊನೆಗೆ ಲಂಟಾನಕ್ಕೆ ಬೆಂಕಿ ಬೀಳುತ್ತದೆ, ಊರು ಬೆಂಕಿಯ ಮಧ್ಯೆ ಸಿಕ್ಕಿಕೊಳ್ಳುತ್ತದೆ. ಅಪರಾಧಿ ಸಿಕ್ಕ ಎಂಬ ಸಮಾಧಾನವನ್ನು ತೇಜಸ್ವಿ ಕೊಡುವುದಿಲ್ಲ. ಕೊಟ್ಟಿದ್ದರೆ ಅದು ಸುಳ್ಳಾಗುತ್ತಿತ್ತು. ಒಬ್ಬನನ್ನು ಜೈಲಿಗೆ ಕಳಿಸಿ ಕೆಸರೂರು ಶುದ್ಧವಾಯಿತು ಎನ್ನಲು ಅವರು ಅಗಾಥಾ ಕ್ರಿಸ್ಟಿಯಲ್ಲ.

ಕಾದಂಬರಿ ಸಡಿಲವಾಗಿದೆ, ಅಂಗಡಿಯನ್ನು ನಡುವೆ ಎಲ್ಲೋ ಕೈಬಿಟ್ಟಿದೆ, ಹುಡುಗರ ಕ್ರಾಂತಿಯ ಭಾಗ ಎಳೆದಂತಿದೆ ಎಂಬ ಆಕ್ಷೇಪಗಳು ನನಗೆ ಗೊತ್ತು. ಇದೇ ಸಡಿಲವನ್ನು ಇನ್ನೊಬ್ಬ ಕಾದಂಬರಿಕಾರನಲ್ಲಿ ಕಂಡಿದ್ದರೆ ನಾನೂ ಬೈಯುತ್ತಿದ್ದೆ. ತೇಜಸ್ವಿಯಲ್ಲಿ ಬೈಯುವುದಿಲ್ಲ. ಹೀಗೆ ಸಡಿಲವಾಗಿದ್ದರಿಂದಲೇ ಊರಿಗೆ ಊರೇ ಕಾದಂಬರಿಯೊಳಗೆ ನುಗ್ಗಿ ಬರಲು ಸಾಧ್ಯವಾಯಿತು. ರಷ್ಯದ ಸ್ಟ್ರುಗಾಟ್‌ಸ್ಕಿ ಸಹೋದರರು 1970ರಲ್ಲಿ ಪ್ರಕಟಿಸಿದ ಹೋಟೆಲಿನ ಕಾದಂಬರಿಯಲ್ಲೂ ಹೀಗೆಯೇ: ಹಿಮ ಕುಸಿದು ದಾರಿ ಮುಚ್ಚಿದ ಬೆಟ್ಟದ ಹೋಟೆಲು, ಒಂದು ಹೆಣ, ರಜೆಯ ಮೇಲಿದ್ದ ಇನ್‌ಸ್ಪೆಕ್ಟರ್. ಅತಿಥಿಗಳಲ್ಲಿ ಕೆಲವರು ಈ ಲೋಕದವರೇ ಅಲ್ಲ ಎಂದು ಗೊತ್ತಾದಾಗಲೂ ಅವನು ಕಾನೂನಿನ ಪುಸ್ತಕ ಬಿಡುವುದಿಲ್ಲ, ಬಿಡದ್ದಕ್ಕೆ ಬಾಳಿಡೀ ಕೊರಗುತ್ತಾನೆ. ಅಲ್ಲಿ ಪತ್ತೇದಾರಿಯ ಚೌಕಟ್ಟು ಒಡೆದದ್ದನ್ನು ಜಗತ್ತು ಮೆಚ್ಚಿತು. ಕೆಸರೂರಿನಲ್ಲಿ ಒಡೆದದ್ದನ್ನು ನಾವು ‘ಪರಿಸರ ಕಾಳಜಿ’ ಎಂದು ಕರೆದು, 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಚಪ್ಪಾಳೆ ತಟ್ಟಿ, ಅದು ಕೊಲೆಯ ಕಥೆ ಎಂಬುದನ್ನೇ ಮರೆತೆವು.

ಈಗ ಮೇಲಿನ ಹೋಟೆಲಿಗೆ ಬರುತ್ತೇನೆ. 1986ರಲ್ಲಿ ಸೋವಿಯತ್ ಒಕ್ಕೂಟ ಹಾರಿಸಿದ ಮಿರ್ ಅಂತರಿಕ್ಷ ನಿಲ್ದಾಣದಲ್ಲಿ 1997ರ ಫೆಬ್ರುವರಿಯಲ್ಲಿ ಬೆಂಕಿ ಹತ್ತಿತು, ಜೂನಿನಲ್ಲಿ ಸಾಮಾನು ತಂದ ನೌಕೆಯೊಂದು ಡಿಕ್ಕಿ ಹೊಡೆದು ಒಂದು ಕೋಣೆಯನ್ನೇ ಮುಚ್ಚಿಬಿಡಬೇಕಾಯಿತು. ಹಲಗೆಗಳ ಹಿಂದೆ ಬೂಷ್ಟು ಬೆಳೆದಿತ್ತು. ಮಳೆಗಾಲದ ಆಟಿ ತಿಂಗಳಲ್ಲಿ ಬೆಳ್ತಂಗಡಿಯಲ್ಲಿ ಕಪಾಟು ತೆರೆದವನಿಗೆ ಈ ಬೂಷ್ಟನ್ನು ಯಾರೂ ವಿವರಿಸಬೇಕಿಲ್ಲ. 2001ರ ಮಾರ್ಚ್ 23ರಂದು ಮಿರ್ ಅನ್ನು ಶಾಂತಸಾಗರಕ್ಕೆ ಕೆಡವಿದರು. ಕುಬ್ರಿಕ್ 1968ರ ಸಿನಿಮಾದಲ್ಲಿ ತೋರಿಸಿದ ಬೆಳ್ಳಗಿನ ಅಂತರಿಕ್ಷ ಹೋಟೆಲಿಗಿಂತ ಈ ಬೂಷ್ಟಿನ ನಿಲ್ದಾಣ ನಮಗೆ ಹತ್ತಿರದ್ದು. ಹೋಟೆಲನ್ನು ಒಳಗಿನಿಂದ ಬಲ್ಲವರು ಭಾರತದಲ್ಲಿ ಯಾರಾದರೂ ಇದ್ದರೆ ಅವರು ಈ ಕರಾವಳಿಯವರು. ಮುಂಬಯಿಗೆ ಹುಡುಗನಾಗಿ ಹೋಗಿ ಕ್ಲೀನರ್ ಆಗಿ ಶುರುಮಾಡಿ, ಸಪ್ಲಾಯರ್ ಆಗಿ, ಕೊನೆಗೆ ಗಲ್ಲೆಯ ಮೇಲೆ ಕೂತವರ ಮನೆ ಇಲ್ಲಿ ಊರಿಗೊಂದಿದೆ. ಯಾರು ಎಷ್ಟು ಹೊತ್ತಿಗೆ ಬಂದ, ಯಾವ ಕೋಣೆಯ ಬಕೆಟ್ಟು ಒಣಗಿದೆ, ರಿಜಿಸ್ಟರಿನಲ್ಲಿ ಬರೆದ ಊರಿಗೂ ಆಡುವ ಮಾತಿಗೂ ಹೊಂದುತ್ತದೋ ಇಲ್ಲವೋ, ಕ್ಲೀನರ್ ಹುಡುಗನಿಗೆ ಗೊತ್ತು. ಆಕಾಶದ ಹೋಟೆಲಿನ ಪತ್ತೇದಾರನಾಗಲು ಅವನಿಗಿಂತ ಯೋಗ್ಯ ಯಾರು? ಅವನನ್ನು ಮೇಲಕ್ಕೆ ಕಳಿಸುವ ಲೇಖಕ ಬರಲಿಲ್ಲ ಎಂಬುದು ನಿಜ. ಅದಕ್ಕೆ ಮಣ್ಣು ಕಾರಣವಲ್ಲ.

ಕಾರಣ ನಮ್ಮ ರುಚಿಯನ್ನು ಕಾಯುವವರು. ದುಃಖವಿಲ್ಲದ್ದು ಗಂಭೀರವಲ್ಲ ಎಂದು ನವ್ಯರು ಕಲಿಸಿದರು. ಅವರ ಮೇಲೆ ಸಿಟ್ಟಾದವರೂ ಆ ಪಾಠವನ್ನು ಮಾತ್ರ ಬಿಡಲಿಲ್ಲ. ಕಥೆ ಮುಂದೇನಾಗುತ್ತದೆ ಎಂಬ ಕುತೂಹಲ ಕೀಳು ಅಭಿರುಚಿಯೆಂದಾಯಿತು. ಯಕ್ಷಗಾನಕ್ಕೆ ರಾತ್ರಿಯಿಡೀ ನಿದ್ದೆಗೆಟ್ಟು ಕೂರುವ ಜನರ ನಡುವೆ ಕೂತು ಈ ಮಾತನ್ನು ಹೇಳಲು ಧೈರ್ಯ ಬೇಕು! ದೂರದರ್ಶನದಲ್ಲಿ ಸದಾನಂದ ಸುವರ್ಣರ ‘ಗುಡ್ಡದ ಭೂತ’ ಬಂದಾಗ ಜನ ಟಿವಿ ಇದ್ದವರ ಮನೆಯ ಜಗಲಿ ತುಂಬಿದರು. 2015ರಲ್ಲಿ ‘ರಂಗಿತರಂಗ’ಕ್ಕೆ ಚಿತ್ರಮಂದಿರ ತುಂಬಿದರು. ಭೂತವೂ ಕೊಲೆಯೂ ಸಂಶಯವೂ ಕೂಡಿದ ಕಥೆಗೆ ಇಲ್ಲಿ ಓದುಗರಿಲ್ಲವೆಂದು ಯಾರು ನಂಬಬೇಕು? ವಿಜ್ಞಾನವನ್ನು ಕನ್ನಡದಲ್ಲಿ ಹೇಳಲಾಗದು ಎಂಬುದೂ ನಿಲ್ಲದ ಮಾತು. ಪುತ್ತೂರಿನಲ್ಲಿ ಕೂತು ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟ ಬರೆದು ಮುಗಿಸಿ ಅರವತ್ತು ವರ್ಷ ದಾಟಿತು. ಓದುಗನೂ ಇದ್ದಾನೆ, ಭಾಷೆಯೂ ಇದೆ, ವಸ್ತುವೂ ಇದೆ. ಇಲ್ಲದಿರುವುದು ಅನುಮತಿ. ಅದನ್ನು ಕೊಡುವ ಅಧಿಕಾರ ತಮ್ಮದೆಂದು ತಿಳಿದವರು ಗೋಷ್ಠಿಗಳಲ್ಲಿ ಕೂತಿದ್ದಾರೆ.

ನನ್ನ ತೀರ್ಪು ಇಷ್ಟೇ: ಕನ್ನಡದಲ್ಲಿ ವಿಜ್ಞಾನ ಪತ್ತೇದಾರಿ ಹುಟ್ಟಿದೆ, 1985ರಲ್ಲಿ ಹುಟ್ಟಿದೆ, ಅದರ ಹೆಸರು ‘ಚಿದಂಬರ ರಹಸ್ಯ’. ಗ್ರಂಥಾಲಯದವರು ಅದನ್ನು ಒಂದು ಸಲ ನರಸಿಂಹಯ್ಯನವರ ಪಕ್ಕದ ಕಪಾಟಿನಲ್ಲಿಟ್ಟು ನೋಡಲಿ, ಎರಡೂ ಕಪಾಟಿನ ಪುಸ್ತಕಗಳು ಹೆಚ್ಚು ಓಡಾಡುತ್ತವೆ. ಇನ್ನು ಬಂಟ್ವಾಳದಲ್ಲೋ ವೇಣೂರಿನಲ್ಲೋ ಕೂತು ಆಕಾಶದ ಹೋಟೆಲಿನ ಕಥೆ ಬರೆಯಲು ಹೊರಟವರಿದ್ದರೆ ಅವರಿಗೆ ಒಂದು ಮಾತು: ಯಾರನ್ನೂ ಕೇಳಬೇಡಿ, ಬರೆಯಿರಿ. ಪೈಪು ಸೋರಲಿ, ಬೂಷ್ಟು ಹಿಡಿಯಲಿ. ಕೊಲೆಗಾರ ಸಿಗದಿದ್ದರೂ ಅಡ್ಡಿಯಿಲ್ಲ. ಸತ್ತವನು ಯಾರು, ಅವನಿಗೆ ನ್ಯಾಯ ಯಾರು ಕೊಡಿಸಬೇಕಿತ್ತು ಎಂಬುದನ್ನು ಮಾತ್ರ ಮರೆಯಬೇಡಿ.