ಗುಮಾಸ್ತನ ಹೊಟ್ಟೆ, ಧಣಿಯ ಜೆಸಿಬಿ

ನಮ್ಮ ಬೀದಿ ನಾಟಕಗಳಲ್ಲಿ ಭ್ರಷ್ಟಾಚಾರ ಅಂದರೆ ದೊಡ್ಡ ಹೊಟ್ಟೆಯ ಒಬ್ಬ ಗುಮಾಸ್ತ. ಅಂಗಿಯೊಳಗೆ ದಿಂಬು ತುರುಕಿಕೊಂಡು ಬರ್ತಾನೆ, ಲಂಚ ಕೇಳ್ತಾನೆ, ಕೊನೆಗೆ ಜನ ಅವನನ್ನು ಅಟ್ಟಿಸಿಕೊಂಡು ಹೋಗ್ತಾರೆ. ಕೇರಿಯ ಮಕ್ಕಳು ಕೇಕೆ ಹಾಕ್ತಾರೆ. ಇಂಥ ನಾಟಕಗಳಿಗೆ ನಾವೂ ಹಾಡು ಬರೆದವರೇ. ಈಗ ಆ ಹಾಡು ನಮಗೇ ಸುಳ್ಳು ಅನ್ನಿಸುತ್ತಿದೆ. ಯಾಕಂದ್ರೆ, ಹಣ ಕೊನೆಗೆ ಯಾರ ಮನೆ ಸೇರಿತು ಎಂದು ಅದು ಕೇಳುವುದೇ ಇಲ್ಲ.

2005ರ ಉದ್ಯೋಗ ಖಾತ್ರಿ ಕಾಯ್ದೆ ಗುತ್ತಿಗೆದಾರರನ್ನು ದೂರ ಇಟ್ಟಿತ್ತು. ಗ್ರಾಮಸಭೆಯೇ ಲೆಕ್ಕ ತಪಾಸಣೆ ಮಾಡಬೇಕು ಎಂದು ಅದರ 17ನೇ ಕಲಮು ಹೇಳಿತ್ತು. ಆದರೂ 2022ರ ಬೇಸಿಗೆಯಲ್ಲಿ ನಮ್ಮೂರ ಕೆರೆಯ ಹೂಳನ್ನು ರಾತ್ರೋರಾತ್ರಿ ಜೆಸಿಬಿ ಎತ್ತಿತು. ಹಾಜರಿ ಪಟ್ಟಿಯಲ್ಲಿ ಮಾತ್ರ ನಮ್ಮ ಕೇರಿಯ ಹೆಸರುಗಳು ದುಡಿದವು. ಓದು ಕಲಿತ ನಾವು ನಾಲ್ಕು ಜನ ಗ್ರಾಮಸಭೆಯಲ್ಲಿ ಪಟ್ಟಿ ಹಿಡಿದು ಎದ್ದು ನಿಂತೆವು. 'ನಾನು ಈ ಕೆಲಸ ಮಾಡಿಲ್ಲ' ಅನ್ನಲು ಒಬ್ಬರೂ ಬಾಯಿ ಬಿಡಲಿಲ್ಲ. ನಮ್ಮವರೇ ಮಾರಾಟವಾಗಿದ್ದಾರೆ ಅಂತ ಬೈದೆವು. ಅದು ಕಾಲೇಜಿನಿಂದ ತಂದ ದಡ್ಡತನ.

ಜೆಸಿಬಿ ಯಾರದು? ಸುಗ್ಗಿಗೆ ಕೂಲಿಗೆ ಕರೆಯುವವರದು. ಮದುವೆಗೆ, ಆಸ್ಪತ್ರೆಗೆ ಸಾಲ ಕೊಡುವವರದು. ನಮ್ಮ ದನ ಮೇಯುವ ಬದುವೂ ಅವರದೇ. ಖಾತೆಗೆ ಬಿದ್ದ ಕೂಲಿಯಲ್ಲಿ ಒಂದಿಷ್ಟು ಬಿಟ್ಟು ಮಿಕ್ಕದ್ದನ್ನು ವಾಪಸು ಎಣಿಸಿಕೊಂಡವರೂ ಅವರೇ. ಸಭೆ ಮುಗಿದ ಮೇಲೆ ಅಜ್ಜಿಯೊಬ್ಬಳು ಕೇಳಿದಳು: "ನೀವೇನೋ ಬಸ್ಸು ಹತ್ಕೊಂಡು ಹೋಗ್ತೀರ ಕಣ್ರಪ್ಪಾ, ನಾಳೆ ನನ್ನ ಕಳೆ ಕೀಳೋಕೆ ಕರೆಯೋರು ಯಾರು?" ಬಿ.ಎ.ಯ ಅರ್ಥಶಾಸ್ತ್ರ ನಮಗೆ ಇಷ್ಟು ಹೇಳಿರಲಿಲ್ಲ. ಗುಮಾಸ್ತ ತಿಂದದ್ದು ಎಂಜಲು. ಎಲೆ ಹಾಕಿದ್ದು ಧಣಿಗೆ.

1994ರ ಡಿಸೆಂಬರಿನಲ್ಲಿ ರಾಜಸ್ಥಾನದ ಕೋಟ್ ಕಿರಾನಾದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಹಾಜರಿ ಪಟ್ಟಿಗಳನ್ನು ಜನರ ಮುಂದೆ ಓದಿಸಿತು. ಭಾಷಣಗಾರರು ಇದನ್ನು ಮಾಹಿತಿ ಹಕ್ಕಿನ ಕತೆಯಾಗಿ ಮಾತ್ರ ಹೇಳ್ತಾರೆ. ಆದರೆ 1990ರಲ್ಲಿ ಹುಟ್ಟಿದ ಆ ಸಂಘಟನೆಯವರು ಕಾಗದಕ್ಕೆ ಮುಂಚೆ ಜಮೀನಿಗೆ, ಕನಿಷ್ಠ ಕೂಲಿಗೆ ಬಡಿದಾಡಿದ್ದರು. ಕಡಿಮೆ ಬೆಲೆಗೆ ದಿನಸಿ ಮಾರುವ ಅಂಗಡಿಯನ್ನೂ ನಡೆಸಿದರು. ಜನರ ಬಾಯಿಗೆ ಹಾಕಿದ ಬೀಗ ಎಲ್ಲಿದೆ ಎಂದು ಅವರಿಗೆ ಗೊತ್ತಿತ್ತು.

ನಾವೀಗ ಹಾಜರಿ ಪಟ್ಟಿಯ ಪಕ್ಕಕ್ಕೆ ಇನ್ನೊಂದು ಪಟ್ಟಿ ಬರೀತಿದ್ದೇವೆ: ಯಾರ ಮೇಲೆ ಯಾರ ಸಾಲ, ಯಾರಿಗೆ ಯಾರ ಹೊಲದ ಕೂಲಿ. ಇದು ಸಭೆಯಲ್ಲಿ ಓದುವ ಪಟ್ಟಿಯಲ್ಲ. ಧಣಿಯ ಹಂಗಿಲ್ಲದವರು, ಬೆಂಗಳೂರಿನ ಗಾರೆ ಕೆಲಸದಿಂದ ಬಂದವರು ಮೊದಲು ಎದ್ದು ಮಾತಾಡಲಿ. ಅಜ್ಜಿಯ ಸಾಲವನ್ನು ಹೆಂಗಸರ ಸಂಘದಿಂದ ತೀರಿಸಲಾದೀತೇ ಎಂದು ಕೇಳಿದ್ದೇವೆ; ಬಡ್ಡಿ ಲೆಕ್ಕ ಇನ್ನೂ ಮುಗಿದಿಲ್ಲ.