ಊರ ಹೆಸರಿಲ್ಲದ ಕಲ್ಲು

ಕಲ್ಲು ಮತ್ತು ಖನಿಜಗಳ ಸಂಘವೆಂದರೆ ಹವ್ಯಾಸಿಗಳು ಆಗಾಗ ಕಲೆತು, ತಂದ ಕಲ್ಲನ್ನು ಮೇಜಿನ ಮೇಲಿಟ್ಟು, ಅದು ಏನು, ಎಲ್ಲಿಯದು ಎಂದು ವಾದ ಮಾಡುವ ಕೂಟ. ಲಂಡನ್ನಿನ ಜಿಯಾಲಜಿಸ್ಟ್ಸ್ ಅಸೋಸಿಯೇಷನ್ 1858ರಲ್ಲಿ, ನ್ಯೂಯಾರ್ಕಿನ ಮಿನರಲಾಜಿಕಲ್ ಕ್ಲಬ್ 1886ರಲ್ಲಿ ಹುಟ್ಟಿದವು. ಅಮೆರಿಕದ ಟೂಸಾನ್ ಊರಿನ ಸಂಘ 1955ರಲ್ಲಿ ಪ್ರಾಥಮಿಕ ಶಾಲೆಯೊಂದರಲ್ಲಿ ಮಾಡಿದ ಪ್ರದರ್ಶನ ಈಗ ಜಗತ್ತಿನ ದೊಡ್ಡ ಹರಳಿನ ಸಂತೆಗಳಲ್ಲೊಂದು.

ಕರ್ನಾಟಕದಲ್ಲಿ ಈ ವಿದ್ಯೆ ಬೆಳೆದದ್ದು ಹೆಚ್ಚಾಗಿ ವೃತ್ತಿಯವರ ಕೈಯಲ್ಲಿ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ 1894ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಮುಂದಾಳ್ತನದಲ್ಲಿ ಶುರುವಾಯಿತು. 1958ರಲ್ಲಿ ಬೆಂಗಳೂರಿನಲ್ಲಿ ಜಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ ಕಣ್ಣು ಬಿಟ್ಟಿತು. ಅದನ್ನು ದಶಕಗಳ ಕಾಲ ಸಾಕಿ ಬೆಳೆಸಿದವರು ಬಿ.ಪಿ. ರಾಧಾಕೃಷ್ಣ. ದಕ್ಷಿಣ ಮರಾಠಾ ಸೀಮೆಯ ಶಿಲೆಗಳ ಬಗ್ಗೆ ಫೂಟ್ ಬರೆದ ಗ್ರಂಥ 1876ರದು. ಮುಂದೆ ಅವರೇ ದಕ್ಷಿಣ ಭಾರತದ ಪ್ರಾಚೀನ ಪದರು ಶಿಲೆಗಳಿಗೆ ಧಾರವಾಡದ ಹೆಸರಿಟ್ಟರು. ಹಳೆಯ ಧಾರವಾಡ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳವರಿಗೆ ಇದು ಮನೆತನದ ಹೆಸರಿದ್ದಂತೆ. ಪಕ್ಕದ ರಾಣೆಬೆನ್ನೂರಿನ ಹೆಸರಲ್ಲೂ ಒಂದು ಶಿಲಾಸ್ತರವಿದೆ: 250 ಕೋಟಿ ವರ್ಷಕ್ಕೂ ಹಿಂದೆ ನೀರಿನಡಿ ಮರಳು, ಕೆಸರು ಜಾರಿ ಬಂದು ಕೂತು ಗಟ್ಟಿಯಾದ, ಗ್ರೇವ್ಯಾಕ್ ಎಂಬ ಬೂದು-ಹಸಿರು ಕಲ್ಲು.

ಸಂಘದ ಮೊದಲ ಕೆಲಸ ತಿರುಗಾಟ. ಈ ಸೀಮೆಯಲ್ಲಿ ಅದಕ್ಕೆ ಸುಗ್ಗಿ ಮುಗಿದ ಮೇಲಿನ ದಿನಗಳೇ ಒಳ್ಳೆಯವು. ಮಳೆಗಾಲದಲ್ಲಿ ಹಾನಗಲ್ಲಿನ ಭತ್ತದ ಗದ್ದೆಗಳಲ್ಲಿ ಕಲ್ಲು ಕಾಣುವುದೇ ಇಲ್ಲ. ಗುಡ್ಡ ಹತ್ತಲೇಬೇಕೆಂದಿಲ್ಲ. ಬಾವಿ ತೋಡಿ ದಂಡೆಗೆ ಹಾಕಿದ ರಾಶಿ, ರಸ್ತೆಗಾಗಿ ಕಡಿದ ದಿಬ್ಬ, ಕೆಲಸ ನಿಂತ ಖಣಿ, ವರದಾ ನದಿಯ ಹರಳು ಇಷ್ಟು ಸಾಕು. ಹೊಲದ ಒಡೆಯನನ್ನೋ ಖಣಿಯವರನ್ನೋ ಕೇಳದೆ ಒಳಗೆ ಕಾಲಿಡುವಂತಿಲ್ಲ. ಬಾವಿ ತೋಡಿಸಿದ ರೈತ ಎಷ್ಟು ಮೊಳಕ್ಕೆ ಗರಸು ಮುಗಿದು ಬಂಡೆ ಹತ್ತಿತು ಎಂದು ಹೇಳುವುದು ಯಾವ ನಕ್ಷೆಯಲ್ಲೂ ಸಿಗದ ಮಾಹಿತಿ. ಮಧ್ಯಾಹ್ನ ಮರದಡಿ ಬುತ್ತಿ ಬಿಚ್ಚಿ, ರೊಟ್ಟಿ, ಶೇಂಗಾ ಚಟ್ನಿಯ ನಡುವೆ ನಡೆಯುವ ಜಗಳದಲ್ಲೇ ಹೊಸಬರು ಅರ್ಧ ವಿದ್ಯೆ ಕಲಿಯುತ್ತಾರೆ.

ಉಳಿದರ್ಧ ಕೈಯಲ್ಲಿದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರವನ್ನು ಹೊಸಬರು ಕಲ್ಲಿನ ಮೇಲೆ ಹಿಡಿದು ದೂರದಿಂದ ಇಣುಕುತ್ತಾರೆ. ಮಸೂರ ಕಣ್ಣಿಗೆ ತಾಗುವಷ್ಟು ಹತ್ತಿರವಿರಬೇಕು, ಕಲ್ಲು ಅದರತ್ತ ಬರಬೇಕು. ಗಡಸುತನಕ್ಕೆ 1812ರಲ್ಲಿ ಖನಿಜತಜ್ಞ ಮೋಸ್ ಹಾಕಿಕೊಟ್ಟ ಒಂದರಿಂದ ಹತ್ತರ ಅಳತೆಯೇ ಇಂದಿಗೂ ಆಧಾರ: ಉಗುರು ಎರಡೂವರೆ, ಚಾಕು ಐದೂವರೆಯ ಆಸುಪಾಸು, ಬೆಣಚುಕಲ್ಲು ಏಳು. ಸವಣೂರಿನ ಕರಿಹೊಲದಲ್ಲಿ ಸಿಗುವ ಬಿಳಿ ಸುಣ್ಣದ ಹರಳಿಗೂ ಬೆಣಚಿಗೂ ಗೊಂದಲವಾದರೆ ಚಾಕು ಎಳೆದರಾಯಿತು. ಪುಡಿ ಮಾಡಿ ನಿಂಬೆರಸ ಹಾಕಿದರೆ ಸುಣ್ಣದ್ದು ನೊರೆಗಟ್ಟುತ್ತದೆ. ಹೊಳೆಯುವ ಹಳದಿ ಹರಳನ್ನು ಮೆರುಗಿಲ್ಲದ ಹಂಚಿಗೆ ಉಜ್ಜಿದಾಗ ಕರಿ ಗೀರು ಬಿದ್ದರೆ ಅದು ಬಂಗಾರವಲ್ಲ, ಪೈರೈಟ್. ಹಾಗೆಂದು ನಗುವಂತಿಲ್ಲ. ಹಾವೇರಿ ಬಳಿಯ ಗಣಜೂರಿನ ಚಿನ್ನದ ನಿಕ್ಷೇಪ ಇಂಥ ಗಂಧಕದ ಖನಿಜಗಳ ಸಹವಾಸದಲ್ಲೇ ಇದೆ.

ಸುತ್ತಿಗೆ ಹಿಡಿಯದೆ ನೋಡಬೇಕಾದ ಜಾಗಗಳೂ ಇವೆ, ಈ ನಾಲ್ಕು ತಾಲ್ಲೂಕುಗಳಲ್ಲಿ ಅವೇ ಹೆಚ್ಚು ರುಚಿ. ಹಾನಗಲ್ಲಿನ ತಾರಕೇಶ್ವರ ಗುಡಿ ಬಳಪದ ಕಲ್ಲಿನದು. ಬಾದಾಮಿಯ ಕಾಲದ ಶಿಲ್ಪಿಗಳು ಮರಳುಗಲ್ಲು ಕಡಿದರು; ಹನ್ನೊಂದನೇ ಶತಮಾನದಿಂದ ಕಲ್ಯಾಣ ಚಾಲುಕ್ಯರ ಕಸುಬುದಾರರು ಈ ಮೆದು ಕಲ್ಲಿಗೆ ಹೊರಳಿದರು. ಗಣಿಯಿಂದ ಬಂದ ಹೊಸತರಲ್ಲಿ ಉಳಿಗೆ ಬಾಗಿ, ಗಾಳಿಗೊಡ್ಡಿದಂತೆ ಬಿಗಿಯಾಗುವ ಗುಣ ಅದರದು. ಛಾವಣಿಯ ಕಮಲದ ಎಸಳುಗಳ ನವಿರು, ಚರಕಿಯಲ್ಲಿ ತಿರುಗಿಸಿದಂಥ ಕಂಬಗಳ ಬಳೆಗಳು ಸಾಧ್ಯವಾದದ್ದು ಶಿಲ್ಪಿಯ ಕೈಯಿಂದಷ್ಟೇ ಅಲ್ಲ, ಕಲ್ಲಿನ ಕ್ಲೋರೈಟ್ ಮತ್ತು ಟಾಲ್ಕಿನಿಂದಲೂ. ಬಂಕಾಪುರ ಕೋಟೆಯೊಳಗಿನ ಅರವತ್ತಾರು ಕಂಬದ ನಗರೇಶ್ವರ ಗುಡಿಯಲ್ಲಿ ಓರೆ ಬೆಳಕು ಬಿದ್ದಾಗ ಪದರುಗಳು ಬರಿಗಣ್ಣಿಗೇ ಕಾಣುತ್ತವೆ. ಗೀರಿ ನೋಡುವ ಆಸೆಯಾದವರು ಅಂಗಡಿಯಲ್ಲಿ ಸಿಗುವ ಬಳಪವನ್ನು ಗೀರಬೇಕು, ಕಂಬವನ್ನಲ್ಲ. ಅಂದ ಹಾಗೆ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯ ರಾಕ್ ಗಾರ್ಡನ್‌ಗೆ ಹೆಸರು ಕೇಳಿ ಹೋಗುವ ಶಿಲಾಪ್ರಿಯರು ಕಾಣುವುದು ಸಿಮೆಂಟಿನ ಹಳ್ಳಿ. ನೋಡತಕ್ಕದ್ದೇ, ಆದರೆ ಅದರ ಲೆಕ್ಕ ಬೇರೆ.

ತಂದ ಕಲ್ಲನ್ನು ತೊಳೆದು, ಒಣಗಿಸಿ, ಮೂಲೆಯಲ್ಲಿ ಬಿಳಿ ಬಣ್ಣದ ಚುಕ್ಕೆಯಿಟ್ಟು ಅಂಕಿ ಬರೆಯುವುದು ರೂಢಿ. ಅದೇ ಅಂಕಿ ವಹಿಯಲ್ಲಿ: ಊರು, ಹೊಲ ಅಥವಾ ಖಣಿ, ಎಷ್ಟು ಆಳ, ದಿನಾಂಕ, ತಂದವರು. ಕಲ್ಲಿನ ಹೆಸರು ಕೊನೆಗೆ, ಅದೂ ಪೆನ್ಸಿಲಿನಲ್ಲಿ, ಏಕೆಂದರೆ ಹೆಸರು ತಿದ್ದುಪಡಿಯಾಗುತ್ತದೆ, ಊರು ಆಗುವುದಿಲ್ಲ. ಸೊಗಸಾದ ಹರಳಿದ್ದೂ ಊರು ಮರೆತ ಕಲ್ಲು ಷೋಕೇಸಿಗೆ ಸರಿ, ಸಂಗ್ರಹಕ್ಕಲ್ಲ. ಹಿರೇಕೆರೂರು ಸೀಮೆಯ ಮಾಸೂರಿನಲ್ಲಿ ಕುಮುದ್ವತಿ ಗುಡ್ಡ ಸೀಳಿ ಹರಿಯುವ ಕಡೆ, ಮದಗದ ಕೆರೆಯ ಬಳಿ ಆಯ್ದ ಮಂಕು ತುಣುಕು ಎಡದಂಡೆಯದೋ ಬಲದಂಡೆಯದೋ ಎಂದು ಬರೆದಿದ್ದರೆ ಹತ್ತು ವರ್ಷದ ಮೇಲೂ ಮಾತಾಡುತ್ತದೆ.

ವರ್ಷಕ್ಕೊಮ್ಮೆ ಶಾಲೆಯಲ್ಲೋ ಜಾತ್ರೆಯಲ್ಲೋ ನಡೆಯುವ ಪ್ರದರ್ಶನದಲ್ಲಿ ಜನ ಮುತ್ತುವುದು ಗಾಜಿನ ಪೆಟ್ಟಿಗೆಗಳಿಗಲ್ಲ, ‘ನಿಮ್ಮ ಕಲ್ಲು ತನ್ನಿರಿ’ ಎಂಬ ಮೇಜಿಗೆ. ಅಲ್ಲಿಗೆ ತಪ್ಪದೆ ಬರುವುದು ಹೊಲದಲ್ಲಿ ಸಿಕ್ಕ ‘ಉಲ್ಕೆ’: ಕರ್ರಗೆ, ಭಾರವಾಗಿ, ಮೈಯೆಲ್ಲ ಗುಳ್ಳೆಯ ತೂತು. ಉಲ್ಕೆಯಲ್ಲಿ ಅಂಥ ತೂತು ಬಲು ಅಪರೂಪ. ಸಾಮಾನ್ಯವಾಗಿ ಅದು ಕಬ್ಬಿಣ ಕರಗಿಸಿದಾಗ ಉಳಿದ ಕಿಟ್ಟ. ತಂದವರ ಮುಖ ಸಣ್ಣದಾಗುತ್ತದೆ. ಮೇಜಿನ ಹಿಂದೆ ಕೂತ ಅನುಭವಿ ಮಾತ್ರ ಆಗಲೇ ವಹಿ ತೆರೆದು ಆ ಹೊಲ ಯಾವ ಊರಿನದೆಂದು ಕೇಳುತ್ತಾನೆ: ಕಿಟ್ಟ ರಾಶಿಯಾಗಿ ಬಿದ್ದಿರುವ ಕಡೆ ಒಂದು ಕಾಲಕ್ಕೆ ಕಬ್ಬಿಣದ ಕುಲುಮೆ ಉರಿದಿರುತ್ತದೆ.