ವರ್ಕ್‌ಶೀಟಿಗೆ ಸೊಗಡಿಲ್ಲ

ಅಕ್ಟೋಬರ್ ಬಂತೆಂದರೆ ಬೆಂಗಳೂರಿನ ಕೆಲವು ಶಾಲೆಗಳ ಒಂದನೇ, ಎರಡನೇ ಕ್ಲಾಸಿನ ಮಕ್ಕಳ ಬ್ಯಾಗಿನಿಂದ ಕಿತ್ತಳೆ ಬಣ್ಣದ ಕುಂಬಳಕಾಯಿ ಹೊರಬೀಳುತ್ತದೆ. ಕಾಯಿ ಅಲ್ಲ, ಅದರ ವರ್ಕ್‌ಶೀಟ್. ಕುಂಬಳಕಾಯಿಗೆ ಬಣ್ಣ ತುಂಬಿ, ಎಣಿಸಿ, ಉದುರಿದ ಮೇಪಲ್ ಎಲೆ ಅಂಟಿಸಿ. ಥೀಮಿನ ಹೆಸರು 'ಆಟಮ್'. ಕಿಟಕಿಯಾಚೆ ಹಿಂಗಾರು ಮಳೆ, ಹಸಿರು ಮರ. ಇಲ್ಲಿನ ಹೊಂಗೆ ಎಲೆ ಉದುರಿಸೋದು ಸಂಕ್ರಾಂತಿ ಕಳೆದು, ಶಿವರಾತ್ರಿ ಆಸುಪಾಸು.

ಋತುವಿನ ಗಿಡ, ಕಾಯಿ ಇಟ್ಟುಕೊಂಡು ಪಾಠ ಮಾಡುವುದಕ್ಕೆ ನನ್ನ ತಕರಾರಿಲ್ಲ. ಅಮೆರಿಕದ ಪ್ರೈಮರಿ ಕ್ಲಾಸುಗಳಲ್ಲಿ ಕುಂಬಳಕಾಯಿ ನಿಜಕ್ಕೂ ಒಳ್ಳೆಯ ಪಾಠ. ಆ ತಿಂಗಳು ಅಲ್ಲಿ ಅಂಗಡಿಗಳ ಮುಂದೆ ಅದರದ್ದೇ ರಾಶಿ. ಒಂದನ್ನು ಕ್ಲಾಸಿಗೆ ತಂದು ತೂಕ ಊಹಿಸುತ್ತಾರೆ, ದಾರ ಸುತ್ತಿ ಅಳೆಯುತ್ತಾರೆ, ನೀರಲ್ಲಿ ಮುಳುಗುತ್ತೋ ತೇಲುತ್ತೋ ನೋಡುತ್ತಾರೆ. ಕೊನೆಗೆ ಕೊಯ್ದು ಬೀಜಗಳನ್ನು ಹತ್ತು ಹತ್ತರ ಗುಂಪು ಮಾಡಿ ಎಣಿಸುತ್ತಾರೆ. ನಾವು ಕಾಯಿ ಅಲ್ಲೇ ಬಿಟ್ಟು ಹಾಳೆ ಮಾತ್ರ ಇಳಿಸಿಕೊಂಡೆವು. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ, ಕೋಡ್ ಕಾಪಿ ಮಾಡಿ ಡಿಪೆಂಡೆನ್ಸಿ ಬಿಟ್ಟು ಬಂದ ಹಾಗೆ. ಹೇಗೆ ರನ್ ಆಗುತ್ತೆ?

ಇಲ್ಲಿಗೆ ಏನು ಹಾಗಾದ್ರೆ? ಅವರೆಕಾಯಿ. ಡಿಸೆಂಬರ್, ಜನವರಿಯಲ್ಲಿ ತಳ್ಳುಗಾಡಿ ತುಂಬ ಅದೇ. ಎರಡು ಕೆಜಿ ತಂದು ಮಕ್ಕಳ ಮುಂದೆ ಸುರಿಯಿರಿ. ಒಂದೊಂದು ಕಾಯಲ್ಲಿ ಎಷ್ಟು ಕಾಳು ಅಂತ ಎಣಿಸಿ ಬೋರ್ಡಿನ ಮೇಲೆ ಪಟ್ಟಿ ಮಾಡಲಿ. ಸುಲಿಯೋ ಮೊದಲು ತೂಕ ಎಷ್ಟು, ಸುಲಿದ ಮೇಲೆ ಕಾಳು ಎಷ್ಟು, ಸಿಪ್ಪೆ ಎಷ್ಟು? ನೆನೆಸಿಟ್ಟ ಕಾಳನ್ನು ಹಿದುಕಲಿ, ಒಳಗಿನ ಎರಡು ಬೇಳೆ ಬಿಡಿಸಿ ನೋಡಲಿ. 'ಸೊಗಡು' ಅನ್ನೋ ಪದವನ್ನು ಮೂಗಿನಿಂದಲೇ ಕಲಿಯಬೇಕು, ಬೇರೆ ದಾರಿ ಇಲ್ಲ. ನಮ್ಮೂರಲ್ಲಿ ಇಡೀ ಮನೆ ಕೂತು ಅವರೆ ಸುಲಿಯುತ್ತಿತ್ತು. ಯಾರ ಕಾಯಲ್ಲಿ ಎಷ್ಟು ಕಾಳು ಅನ್ನೋದು ನಮಗೆ ಆಟ. ಯಾರೂ ಅದನ್ನು ಗಣಿತ ಅನ್ನಲಿಲ್ಲ.

ಸ್ವಲ್ಪ ದೊಡ್ಡ ಮಕ್ಕಳಿಗೆ ಇನ್ನೊಂದು ಪ್ರಶ್ನೆ: ಅವರೆ ಚಳಿಗಾಲದಲ್ಲೇ ಯಾಕೆ? ಹಳೆಯ ತಳಿಗಳು ಹಗಲು ಕಿರಿದಾಗಿ ರಾತ್ರಿ ಉದ್ದವಾದಾಗ ಹೂ ಬಿಡುತ್ತವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಆ ಹಂಗಿಲ್ಲ. ಅದಕ್ಕೇ ಈಗ ಬೇರೆ ಕಾಲದಲ್ಲೂ ಅವರೆ ಕಾಣಿಸುತ್ತೆ.

ಕೆಲವು ಶಾಲೆಗಳು 'ನಮ್ಮಲ್ಲೂ ವಿಲೇಜ್ ಡೇ ಇದೆಯಲ್ಲ' ಅನ್ನುತ್ತವೆ. ಪಂಚೆ ಉಡಿಸಿ, ಥರ್ಮಾಕೋಲ್ ಎತ್ತಿನಗಾಡಿ ಮುಂದೆ ನಿಲ್ಲಿಸಿ ಫೋಟೊ. ಅದೂ ಇದೇ ಕಾಯಿಲೆ, ಚಿತ್ರ ಬೇರೆ ಅಷ್ಟೇ. ಅವರೆಕಾಯಿಯ ಚಿತ್ರಕ್ಕೆ ಬಣ್ಣ ತುಂಬಿಸಿದರೂ ಅಷ್ಟೇ.

ಮಗು ಹೊರಗಿನ ಪ್ರಪಂಚ ನೋಡಬಾರದಾ ಅಂತೀರಾ? ನೋಡಲಿ. ಅವರೆಕಾಳು ಎಣಿಸಿ ಪಟ್ಟಿ ಮಾಡಿದ ಮಗು ನಾಳೆ ಸಿಯಾಟಲ್‌ಗೆ ಹೋದರೆ ಕುಂಬಳದ ಬೀಜವನ್ನೂ ಎಣಿಸುತ್ತೆ. ನನ್ನ ಹೆದರಿಕೆ ಬೇರೆ. 'ಎಲೆ ಯಾವಾಗ ಉದುರುತ್ತದೆ?' ಅನ್ನೋ ಪ್ರಶ್ನೆಗೆ ಮನೆ ಮುಂದಿನ ಹೊಂಗೆ ನೆನೆದು 'ಫೆಬ್ರವರಿ' ಅಂತ ಬರೆದ ಮಗುವಿಗೆ ಕೆಂಪು ಗೀಟು, ಹಾಳೆ ನೋಡಿ 'ಅಕ್ಟೋಬರ್' ಅಂದವರಿಗೆ ಸ್ಟಾರ್. ನಾಲ್ಕು ಸಲ ಹೀಗಾದರೆ ಆ ಮಗು ಮರ ನೋಡೋದನ್ನೇ ಬಿಡುತ್ತೆ. ತನ್ನ ಕಣ್ಣಿಗಿಂತ ಹಾಳೆ ದೊಡ್ಡದು ಅಂತ ಕಲಿಯುತ್ತೆ.

ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ಫೀಸು, ಬಸ್ಸಿನ ಮಾತು ಮುಗಿದ ಮೇಲೆ ಟೀಚರ್ ಹತ್ತಿರ ಇದೊಂದನ್ನು ಕೇಳಿ: ಈ ತಿಂಗಳ ಥೀಮನ್ನು ಮಕ್ಕಳು ಕೈಯಲ್ಲಿ ಮುಟ್ಟಿದ್ದಾರಾ?